ಬ್ರೇಕ್ ಮೇಡಂಗೆ ಒಂದು ನೀಲಿ ಟಾಪು

ಬೇಡ ಅಂತ ನಾನೆಲ್ಲಿ ಹೇಳಿದೆ ಪುಟ್ಟಿ, ಕೂತು ನೋಡು ಅಂತಷ್ಟೇ ಹೇಳಿದೆ. ಆಗಿನಿಂದ ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೀಯ, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಉಸಿರು ಬಿಡು. ಬಿಟ್ಟೆಯಾ? ಈಗ ನೋಡು, ಟಾಪು ಎಲ್ಲಿ ಹೋಯಿತು, ನೀನೆಲ್ಲಿ ಹೋದೆ. ಬಾ, ಮಂಚದ ಮೇಲೆ ಕೂತುಕೋ. ನಿನ್ನ ಚಿಕ್ಕಜ್ಜಿಯ ನೀಲಿ ಟಾಪಿನ ಕಥೆ ಹೇಳುತ್ತೇನೆ. ಆಮೇಲೆ ನಿನ್ನಿಂದ ಒಂದು ಕೆಲಸ ಆಗಬೇಕು. ಅದನ್ನು ಈಗಲೇ ಹೇಳಿದರೆ ಎದ್ದು ಹೋಗಿಬಿಡುತ್ತೀಯ, ಕೊನೆಗೆ ಹೇಳುತ್ತೇನೆ.

ಚಿಕ್ಕಜ್ಜಿ ಅಂದರೆ ನನ್ನ ಓರಗಿತ್ತಿ, ನಿನ್ನ ತಾತನ ತಮ್ಮನ ಹೆಂಡತಿ. ಮೊದಲಿಂದಲೂ ಮೈಕೈ ತುಂಬಿಕೊಂಡವಳು. ಅವಳು ಬಾಗಿಲಲ್ಲಿ ಬಂದರೆ ಬೆಳಕು ಸ್ವಲ್ಪ ಹೊತ್ತು ಹೊರಗೆ ಕಾಯಬೇಕಿತ್ತು. ಇದು ನಾನು ಹೇಳಿದ ಮಾತಲ್ಲ, ಅವಳೇ ಹೇಳಿಕೊಂಡಿದ್ದು. ನಾನು ಹೇಳಿದ್ದರೆ ಅವತ್ತೇ ಮನೆಯಲ್ಲಿ ಎರಡು ಒಲೆ ಆಗುತ್ತಿತ್ತು.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕಲಿಸುವವರಿಗೆ ಅಂತಲೇ ಇನ್ನೊಂದು ಬ್ರೇಕು ಇರುತ್ತದಲ್ಲ, ಅದನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಅದರ ಮೇಲೆ ಮ್ಯಾಟು ಹಾಸಿ, ಮ್ಯಾಟಿನ ಮೇಲೆ ನೀರಿನ ಬಾಟಲಿ ಇಟ್ಟಿದ್ದಳು. "ನಾನೇ ಒತ್ತಿದ್ರೆ ಅವರು ಕಲಿಯೋದು ಯಾವಾಗ ಅಕ್ಕ" ಅನ್ನುತ್ತಿದ್ದಳು. ಒತ್ತುವುದರ ಬದಲು ಕೂಗುತ್ತಿದ್ದಳು. "ಬ್ರೇಕ್" ಅಂತ ಅವಳು ಒಂದು ಸಲ ಅಂದರೆ ಕಲಿಯುವವರ ಕಾಲು ತಲೆಯನ್ನು ಕೇಳದೆ ತಾನೇ ಒತ್ತುತ್ತಿತ್ತು. ಅದಕ್ಕೇ ಅವಳಿಗೆ ಬ್ರೇಕ್ ಮೇಡಂ ಅಂತ ಹೆಸರು ಬಂತು. ನಿನ್ನ ಚಿಕ್ಕತಾತ ಮಾತ್ರ ಕಾರು ಕಲಿಯಲೇ ಇಲ್ಲ. ಯಾಕೆ ಅಂದರೆ "ಬ್ರೇಕ್ ಹಾಕೋಕೆ ನಾನು ಎಲ್ಲಿಗಾದ್ರೂ ಹೊರಟಿದ್ದರೆ ತಾನೆ" ಅನ್ನುತ್ತಿದ್ದ. ಅವನ ಗಡಿಯಾರ ರಿಪೇರಿ ವಿಷಯ ಇನ್ನೊಂದು ದಿನ ಹೇಳುತ್ತೇನೆ, ಅದರಲ್ಲಿ ಟಾಪು ಬರುವುದಿಲ್ಲ.

ಹೀಗಿರುವಾಗ ಸ್ಕೂಲಿನ ಓನರಿಗೆ ಒಂದು ಹುಚ್ಚು ಹತ್ತಿತು. ಅವನು ಸಣ್ಣಗೆ ಹ್ಯಾಂಗರಿನಂತೆ ಇದ್ದ ಮನುಷ್ಯ. ಬೋರ್ಡು ಆಕಾಶ ನೀಲಿ, ಕಾರು ಆಕಾಶ ನೀಲಿ, ಕಲಿಸುವವರೂ ಆಕಾಶ ನೀಲಿ ಆಗಬೇಕು ಅಂತ ಒಂದು ಮೂಟೆ ಟೀ ಶರ್ಟ್ ತರಿಸಿದ. ಎಲ್ಲಕ್ಕೂ ತನ್ನ ಮೈಯ ಆಸುಪಾಸಿನ ಅಳತೆಯನ್ನೇ ಹೇಳಿದ್ದ. ನನ್ನ ಓರಗಿತ್ತಿ ಅದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತಂದು ತಲೆಗೆ ಹಾಕಿಕೊಂಡಳು. ತಲೆ ಬಂತು. ಒಂದು ಕೈ ಬಂತು. ಆಮೇಲೆ ಯಾವುದೂ ಬರಲಿಲ್ಲ, ವಾಪಸ್ಸೂ ಹೋಗಲಿಲ್ಲ. ನಾನು ಮತ್ತು ನಿನ್ನ ಅಮ್ಮ ಇಬ್ಬರೂ ಸೇರಿ, ಒಬ್ಬರು ಸೊಂಟ ಹಿಡಿದು ಒಬ್ಬರು ತೋಳು ಎಳೆದು ಬಿಡಿಸಿದೆವು. ಅವಳು ಒಳಗಿನಿಂದ "ಅಕ್ಕ, ಕಿವಿ ನಂದು, ಬಟ್ಟೆದಲ್ಲ" ಅನ್ನುತ್ತಿದ್ದಳು.

ಓನರಿಗೆ ಹೇಳಿದರೆ ಅವನೇನೂ ಕೆಟ್ಟದಾಗಿ ಮಾತಾಡಲಿಲ್ಲ. "ನಿಮಗೆ ಆಗೋ ನೀಲಿ ಟಾಪು ನೀವೇ ನೋಡ್ಕೊಳ್ಳಿ ಮೇಡಂ, ದುಡ್ಡು ನಾನು ಕೊಡ್ತೀನಿ. ಸೋಮವಾರದಿಂದ ನೀಲಿ ಇಲ್ದೆ ಯಾರೂ ಕಾರು ಹತ್ತೋ ಹಾಗಿಲ್ಲ. ಸಿಗಲಿಲ್ಲ ಅಂದ್ರೆ ಬೇಜಾರಿಲ್ಲ, ಆಫೀಸಲ್ಲಿ ಫೋನ್ ನೋಡ್ಕೊಂಡಿರಿ" ಅಂದ.

ಆಫೀಸು ಅಂದರೆ ನೀರಿನ ಕ್ಯಾನಿಗೂ ಗೋಡೆಗೂ ನಡುವೆ ಒಂದು ಕುರ್ಚಿ. ಎರಡೂ ಕಡೆ ಕೈ ಇರುವ ಕುರ್ಚಿ. ಅವಳು ಅದರಲ್ಲಿ ಒಮ್ಮೆ ಕೂತು ಎದ್ದಾಗ ಕುರ್ಚಿಯೂ ಜೊತೆಗೆ ಎದ್ದಿತ್ತು.

ಅವತ್ತು ಸಂಜೆ ಮೊದಲ ಸಲ ಅವಳು ಮುಖ ಸಣ್ಣ ಮಾಡಿಕೊಂಡದ್ದು ನೋಡಿದೆ. ಬಟ್ಟೆ ಮಡಿಸುತ್ತ ಕೂತಿದ್ದೆವು. ಅವಳಂದಳು, "ಈ ಮನೇಲಿ ನಾನು ನಿಲ್ಲು ಅಂದ್ರೆ ಬೆಕ್ಕೂ ನಿಲ್ಲಲ್ಲ ಅಕ್ಕ. ಅಲ್ಲಿ ನಾನು ಒಂದು ಮಾತು ಅಂದ್ರೆ ಅಷ್ಟು ದೊಡ್ಡ ಕಾರು ನಿಲ್ಲುತ್ತೆ. ನಂಗೆ ಆ ಸೀಟು ಬೇಕು."

ನಾನು ಸಮಾಧಾನ ಹೇಳಬೇಕಿತ್ತು. ಹೇಳಿದ್ದು, "ಏಳು, ಅಂಗಡಿಗೆ ಹೋಗೋಣ" ಅಂತ.

ಅಂಗಡಿಯ ಹುಡುಗಿ ನಮ್ಮನ್ನು ನೋಡಿದ್ದೇ ಕಪ್ಪು ಟಾಪುಗಳನ್ನು ಇಳಿಸತೊಡಗಿದಳು. "ಕಪ್ಪಲ್ಲಿ ಸಣ್ಣ ಕಾಣ್ತೀರ ಆಂಟಿ."

"ನಾನು ಸಣ್ಣ ಕಾಣೋಕೆ ಬಂದಿಲ್ಲಮ್ಮ, ನೀಲಿ ಕಾಣೋಕೆ ಬಂದಿದೀನಿ" ಅಂದಳು ನನ್ನ ಓರಗಿತ್ತಿ.

ನೀಲಿಯಲ್ಲಿ ಒಂದು ದೊಗಳೆ ಟಾಪು ಸಿಕ್ಕಿತು. ಫ್ರೀ ಸೈಜ್ ಅಂತೆ. ಕತ್ತಿನಿಂದ ಮೊಣಕಾಲಿನವರೆಗೆ ಒಂದೇ ಸಮನೆ ಇಳಿಬಿದ್ದಿತ್ತು, ಒಳಗೆ ಇನ್ನೊಬ್ಬರು ಬಾಡಿಗೆಗೆ ಇರಬಹುದು. ನನಗೆ ಬಹಳ ಇಷ್ಟವಾಯಿತು. "ಇದೇ ಸರಿ, ಎಲ್ಲಾ ಮುಚ್ಚುತ್ತೆ" ಅಂದೆ.

"ಎಲ್ಲಾ ಅಂದ್ರೆ ಏನೇನು ಅಕ್ಕ?"

"ಎಲ್ಲಾ ಅಂದ್ರೆ ಎಲ್ಲಾ ಕಣೆ. ಬಾಯಿ ಮುಚ್ಚಿಕೊಂಡು ತಗೋ."

ಶುಕ್ರವಾರ ಅದನ್ನೇ ಹಾಕಿಕೊಂಡು ಹೋದಳು. ಅವತ್ತು ಕಲಿಯಲು ಬಂದಿದ್ದು ನಮ್ಮ ಬೀದಿಯ ಹಲ್ಲಿನ ಡಾಕ್ಟರು. ಕಾರಿಗೆ ಬಹಳ ಹೆದರುತ್ತಿದ್ದರು. ಬೆವರು ಇಳಿಯುತ್ತಿದೆ ಅಂತ ಕಿಟಕಿ ಇಳಿಸಿದರು. ಗಾಳಿ ನುಗ್ಗಿತು, ಟಾಪು ಹಿಗ್ಗಿತು, ನನ್ನ ಓರಗಿತ್ತಿ ಅರ್ಧ ಕಾರು ತುಂಬಿಕೊಂಡಳು. ಡಾಕ್ಟರಿಗೆ ಆಚೆ ಕಡೆಯ ಕನ್ನಡಿ ಕಾಣಲಿಲ್ಲ. ಆಚೆ ಕಡೆಯ ರಸ್ತೆಯೂ ಕಾಣಲಿಲ್ಲ. ಗೇರ್ ಬದಲಾಯಿಸಿ ಅಂದರೆ ಅವರ ಕೈಗೆ ಸಿಕ್ಕಿದ್ದು ಟಾಪಿನ ಅಂಚು. ಅದನ್ನೇ ಮುದ್ದೆ ಮಾಡಿ ಹಿಡಿದು, ಬಹಳ ಮರ್ಯಾದೆಯಿಂದ, ಎರಡನೇ ಗೇರಿಗೆ ಹಾಕಿದರು.

"ಮೇಡಂ, ಇವತ್ತು ಗೇರ್ ಯಾಕೋ ಮೆತ್ತಗಿದೆ."

"ಅದು ಗೇರ್ ಅಲ್ಲ ಡಾಕ್ಟ್ರೇ, ಅದು ನಾನು."

ಇದನ್ನು ಡಾಕ್ಟರೇ ನನಗೆ ಹೇಳಿದ್ದು, ನನ್ನ ದವಡೆಗೆ ಹತ್ತಿ ತುರುಕಿದ ಮೇಲೆ. ನಗಲೂ ಆಗದೆ ನುಂಗಲೂ ಆಗದೆ ನನ್ನ ಕಣ್ಣಲ್ಲಿ ನೀರು ಬಂತು. ನೋವಾಯಿತೇನೋ ಅಂತ ಅವರು ಇನ್ನೊಂದು ಸೂಜಿ ಹಾಕಿದರು.

ಅವಳು ಮನೆಗೆ ಬಂದು ನನ್ನ ಮೇಲೆ ಹಾರಾಡಿದಳು. ನಾನೇನು ಮಾಡಲಿ? ಟಾಪು ಚೆನ್ನಾಗಿಯೇ ಇತ್ತು, ಗೇರನ್ನು ಯಾರು ಅಲ್ಲಿಡಲು ಹೇಳಿದ್ದು? ಈಗಲೂ ನನ್ನ ಮಾತು ಅದೇ. ಆ ಟಾಪು ಹಾಳಾಗಿಲ್ಲ, ನೋಡು, ಹೊಲಿಗೆ ಯಂತ್ರದ ಮೇಲೆ ಹೊದಿಸಿರುವುದು ಅದೇ.

"ಇನ್ನು ನಿನ್ನ ಮಾತು ಕೇಳಲ್ಲ" ಅಂತ ಅವಳು ಒಬ್ಬಳೇ ಹೋಗಿ ಇನ್ನೊಂದು ತಂದಳು. ಮುಂದೆ ಸಾಲಾಗಿ ಗುಂಡಿ, ಮೈಗೆ ಅಂಟಿಕೊಂಡ ಹಾಗೆ. ಹಾಕಿಕೊಂಡು ನಡುಮನೆಯಲ್ಲಿ ನಿಂತಳು. ನಿಜ ಹೇಳುತ್ತೇನೆ, ಬಹಳ ಚೆಂದ ಕಂಡಳು. ನಾನು "ಎಲ್ಲಿ, ತಿರುಗು" ಅಂದೆ. ತಿರುಗಿದಳು. "ಮಾತಾಡು" ಅಂದೆ. ಮಾತಾಡಲಿಲ್ಲ, ಕೈಸನ್ನೆಯಲ್ಲೇ ಆಮೇಲೆ ಅಂದಳು. ಆಗಲೇ ನನಗೆ ಅನುಮಾನ ಬಂತು. ಅಂಗಡಿಯ ಕನ್ನಡಿ ಮುಂದೆ ಉಸಿರು ಕಟ್ಟಿಕೊಂಡಿದ್ದಾಳೆ, ಅದೇ ಅಳತೆಗೆ ಟಾಪು ತಂದಿದ್ದಾಳೆ. ಈಗ ನೀನು ಮಾಡಿದೆಯಲ್ಲ, ಅದೇ ಕೆಲಸ.

ಶನಿವಾರವೂ ಅದೇ ಡಾಕ್ಟರು. ಮೇಡಂ ಏನೂ ಮಾತಾಡುತ್ತಿಲ್ಲ. ಆದರೆ ಡಾಕ್ಟರಿಗೆ ಅದರಲ್ಲಿ ವಿಶೇಷ ಏನೂ ಅನ್ನಿಸಲಿಲ್ಲ. ದಿನವಿಡೀ ಅವರ ಪಕ್ಕದ ಕುರ್ಚಿಯಲ್ಲಿ ಕೂತವರು ಯಾರು ಮಾತಾಡುತ್ತಾರೆ ಹೇಳು. ಅವರು ಆರಾಮವಾಗಿ ಹವಾಮಾನ, ಹಲ್ಲುಜ್ಜುವ ಬ್ರಷ್ಷು ಅಂತ ಒಬ್ಬರೇ ಮಾತಾಡಿಕೊಂಡು ಹೂಗಿಡ ಮಾರುವವರ ಅಂಗಡಿ ಕಡೆಗೆ ಕಾರು ತಿರುಗಿಸಿದರು. ಮುಂದೆ ಸಾಲಾಗಿ ಜೋಡಿಸಿದ ಹೂಕುಂಡಗಳು. ಇವಳು ಕೈ ಬೀಸಿದಳು. ಡಾಕ್ಟರು ತಾವೂ ಕೈ ಬೀಸಿದರು. ಇವಳು ತನ್ನ ಬ್ರೇಕಿಗೆ ಕಾಲು ಚಾಚಿದಳು, ಟಾಪು ಬಗ್ಗಲು ಬಿಡಲಿಲ್ಲ, ಅಲ್ಲದೆ ನೀರಿನ ಬಾಟಲಿ ಬೇರೆ ಅಡ್ಡ. ಕೊನೆಗೆ ಏನಾದರೂ ಆಗಲಿ ಅಂತ ಎದೆ ತುಂಬ ಉಸಿರು ಎಳೆದುಕೊಂಡು "ಬ್ರೇ" ಅಂದಳು ಅಷ್ಟೇ.

ಮಿಕ್ಕದ್ದನ್ನು ಗುಂಡಿ ಹೇಳಿತು. ಟಪ್ ಅಂತ ಕಿತ್ತು ಹಾರಿ ಮುಂದಿನ ಗಾಜಿಗೆ ಬಡಿದು ವಾಪಸ್ಸು ಬಂದು ಡಾಕ್ಟರ ಮೂಗಿಗೆ ತಗುಲಿತು. ಡಾಕ್ಟರು ಹೆದರಿ ಇದ್ದಬದ್ದ ಕಾಲೆಲ್ಲ ಒತ್ತಿದರು. ಕಾರು ಮೊದಲ ಕುಂಡಕ್ಕೆ ಮುತ್ತು ಕೊಡುವಷ್ಟು ಹತ್ತಿರ ಹೋಗಿ ನಿಂತಿತು. ಉಳಿದ ಗುಂಡಿಗಳೂ ಒಂದೊಂದಾಗಿ ಹೊರಟವು. ಅವಳು ಡಾಕ್ಟರ ಬಿಳಿ ಕೋಟು ಹಾಕಿಕೊಂಡು ಮನೆಗೆ ಬಂದಳು. ಬೀದಿಯಲ್ಲಿ ಯಾರೋ ಅವಳಿಗೆ ಬಾಯಿ ತೆರೆದು ಹಲ್ಲು ತೋರಿಸಿದರಂತೆ.

ಬಂದವಳು ಕೋಟು ಸಮೇತ ಮೆಟ್ಟಿಲ ಮೇಲೆ ಕೂತಳು. "ದೊಗಳೆ ಹಾಕಿದ್ರೆ ಕಾರಿಗೆ ಜಾಗ ಇಲ್ಲ, ಬಿಗಿ ಹಾಕಿದ್ರೆ ಬಾಯಿಗೆ ಜಾಗ ಇಲ್ಲ. ನಾನು ಆ ಕುರ್ಚಿಗೇ ಹೋಗ್ತೀನಿ ಬಿಡಕ್ಕ" ಅಂದಳು.

ಆಗ ನನಗೆ ಹೊಳೆಯಿತು. "ಅಲ್ಲ ಕಣೆ, ನೀನು ಕೆಲಸ ಮಾಡೋದು ಕೂತ್ಕೊಂಡು, ಕೂಗಿಕೊಂಡು. ಬಟ್ಟೆ ನೋಡೋದು ಮಾತ್ರ ನಿಂತ್ಕೊಂಡು, ಉಸಿರು ಕಟ್ಕೊಂಡು. ಇದ್ಯಾವ ನ್ಯಾಯ?"

ಅವಳು ನನ್ನನ್ನೇ ನೋಡಿದಳು. "ಹಾಗಾದ್ರೆ ಅಂಗಡೀಲಿ ಕೂಗಬೇಕಾ?"

"ಮತ್ತೆ?"

ಭಾನುವಾರ ಇಬ್ಬರೂ ಅದೇ ಅಂಗಡಿಗೆ ಹೋದೆವು. ನಾನು ಸ್ಟೂಲು ಕೇಳಿದೆ. ಹುಡುಗಿ, "ಟ್ರಯಲ್ ರೂಮಲ್ಲಿ ಸ್ಟೂಲು ಹಿಡಿಸಲ್ಲ ಆಂಟಿ" ಅಂದಳು. "ಹೊರಗೇ ಹಾಕು, ನಮಗೇನೂ ನಾಚಿಕೆ ಇಲ್ಲ" ಅಂದೆ. ಎರಡು ಸ್ಟೂಲು ಪಕ್ಕಪಕ್ಕ ಹಾಕಿಸಿದೆವು. ನನ್ನ ಕೈಚೀಲದ ಪಟ್ಟಿಯನ್ನು ಅವಳ ಭುಜದಿಂದ ಸೊಂಟಕ್ಕೆ ಅಡ್ಡ ಹಾಕಿದೆ, ಅದು ಸೀಟ್ ಬೆಲ್ಟು. ನನ್ನ ಕೈಗೆ ಅವಳು ಒಂದು ಹ್ಯಾಂಗರ್ ಕೊಟ್ಟಳು, ಅದು ಸ್ಟೀರಿಂಗ್.

"ನೀನು ಡಾಕ್ಟ್ರು. ಓಡಿಸು."

"ನಾನ್ಯಾಕೆ ಡಾಕ್ಟ್ರು? ನಾನು ನಿನ್ನ ಅಕ್ಕ ಆಗಿಯೇ ಓಡಿಸ್ತೀನಿ."

"ನೀನು ಓಡಿಸಿದ್ರೆ ನಂಗೆ ಮಾತಾಡೋಕೆ ಬಿಡಲ್ಲ. ಡಾಕ್ಟ್ರೇ ಆಗು."

ಒಂದೊಂದೇ ಟಾಪು ಹಾಕಿಕೊಂಡು ಬಂದು ಕೂತಳು. ಒಂದು ಕೂತ ಕೂಡಲೇ ಹೊಟ್ಟೆಯ ಮೇಲೆ ಏರಿ ಸುರುಳಿಯಾಯಿತು. ಇನ್ನೊಂದು, ಸ್ಟೀರಿಂಗ್ ಹಿಡಿಯಲು ಕೈ ಚಾಚಿದರೆ ಕಂಕುಳಲ್ಲಿ ಕಚ್ಚಿತು. ಮತ್ತೊಂದಕ್ಕೆ ಭುಜದ ಹೊಲಿಗೆ ತೋಳಿಗೆ ಜಾರಿತ್ತು, ಪಾಪ ಯಾರದೋ ಟಾಪು ಎರವಲು ತಂದ ಹಾಗೆ. ಹುಡುಗಿಗೆ ಈಗ ಆಟ ಹಿಡಿಸಿತು. ಏಣಿ ಹತ್ತಿ ಮೇಲಿನ ಖಾನೆಯಿಂದ ಒಂದು ತೆಗೆದಳು. ಹೊಲಿಗೆ ಸರಿಯಾಗಿ ಭುಜದ ಮೂಳೆಯ ಮೇಲೆ ಕೂತಿತು. ಎದೆಯ ಹತ್ತಿರ ಮೈಯ ತಿರುವಿಗೆ ಹೊಂದುವ ಹಾಗೆ ಮಡಿಕೆ ಹಿಡಿದು ಹೊಲಿದಿದ್ದರು. ಕಾಲರಿನ ಕೆಳಗೆ ಕತ್ತು ಉದ್ದಕ್ಕೆ ತೆರೆದಿತ್ತು, ಅದರ ಕೆಳಗೆ ಗುಂಡಿಗಳ ಸಾಲು, ತೋಳು ಮೊಣಕೈಯವರೆಗೆ, ಎರಡು ಪಕ್ಕದಲ್ಲೂ ಸೀಳು. ಕೂತರೆ ಸೀಳು ಬಿಚ್ಚಿಕೊಂಡು ಜಾಗ ಕೊಡುತ್ತಿತ್ತು, ಎದ್ದರೆ ಮತ್ತೆ ಸೇರಿಕೊಳ್ಳುತ್ತಿತ್ತು. ಬಟ್ಟೆ ಮೈಗೆ ಅಂಟಲೂ ಇಲ್ಲ, ಮೈಯಿಂದ ಓಡಿಹೋಗಲೂ ಇಲ್ಲ. ಅವಳು ದಪ್ಪವೇ ಇದ್ದಳು. ಆದರೆ ದಪ್ಪಗಿನ ಚೆಲುವೆಯಾಗಿ ಕೂತಿದ್ದಳು.

"ಕೂಗು" ಅಂದೆ.

"ಇಷ್ಟು ಜನ ಇದ್ದಾರಲ್ಲಕ್ಕ."

"ನಾಳೆಯಿಂದ ಕುರ್ಚಿ ಬೇಕೋ, ಸೀಟು ಬೇಕೋ?"

ಉಸಿರೆಳೆದುಕೊಂಡಳು. "ಬ್ರೇಕ್."

ಬಿಲ್ಲು ಹಾಕುತ್ತಿದ್ದವನ ಕೈ ನಿಂತಿತು. ಸೀರೆ ಮಡಿಸುತ್ತಿದ್ದವಳು ಅರ್ಧ ಮಡಿಕೆಯಲ್ಲಿ ನಿಂತಳು. ಪರದೆ ಹತ್ತಿರ ಕಿತ್ತಾಡುತ್ತಿದ್ದ ಗಂಡಹೆಂಡತಿ ಜಗಳ ನಿಲ್ಲಿಸಿದರು. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಕಾರು ಕಿರ್ ಅಂತ ನಿಂತು, ಅದರಿಂದ ಒಬ್ಬಳು ಇಳಿದು ಒಳಗೆ ಬಂದು "ಮೇಡಂ, ಏನು ತಪ್ಪು ಮಾಡಿದೆ?" ಅಂತ ಕೇಳಿದಳು. ಹಳೇ ಶಿಷ್ಯೆಯಂತೆ.

ನಾನು ಟಾಪು ನೋಡಿದೆ. ಒಂದು ಗುಂಡಿಯೂ ಅಲುಗಿರಲಿಲ್ಲ.

ಸೋಮವಾರ ಓನರು ಅವಳನ್ನು ಮೇಲಿಂದ ಕೆಳಗೆ ನೋಡಿ, ತನ್ನ ಟೀ ಶರ್ಟನ್ನೂ ಒಮ್ಮೆ ನೋಡಿಕೊಂಡ. "ನಿಮ್ಮದೇ ಚೆನ್ನಾಗಿದೆಯಲ್ಲ ಮೇಡಂ" ಅಂತ ಕಾರಿನ ಕೀಲಿ ಕೊಟ್ಟ. ಡಾಕ್ಟರೂ ಕಾರು ಕಲಿತರು. ಆದರೆ ಇವತ್ತಿಗೂ ಬ್ರೇಕ್ ಹಾಕುವ ಮುಂಚೆ ಒಂದು ಕೈಯಿಂದ ಮೂಗು ಮುಚ್ಚಿಕೊಳ್ಳುತ್ತಾರೆ.

ಇಗೋ, ಆ ಟಾಪು ಇಲ್ಲಿದೆ. ಹಾಕಿ ಹಾಕಿ ಎಷ್ಟು ಮಾಸಿದೆ ನೋಡು. ಭುಜದಿಂದ ಸೊಂಟಕ್ಕೆ ಓರೆಯಾಗಿ ಒಂದು ಪಟ್ಟಿ ಮಾತ್ರ ಹೊಸದರಂತೆ ನೀಲಿ ಉಳಿದಿದೆ, ಸೀಟ್ ಬೆಲ್ಟು ಇದ್ದ ಜಾಗ. ಬಿಸಿಲು ಅಲ್ಲಿಗೆ ಬೀಳಲಿಲ್ಲ. ಕಂಕುಳು ಹರಿಯುತ್ತಿದೆ, ಆ ಅಂಗಡಿಯೂ ಈಗಿಲ್ಲ. ನಿನ್ನ ಚಿಕ್ಕಜ್ಜಿ ಈಗಲೂ ಬೆಳಿಗ್ಗೆ ಹೊತ್ತು ಕಲಿಸಲು ಹೋಗುತ್ತಾಳಲ್ಲ, ಅವಳಿಗೆ ಇಂಥದ್ದೇ ಇನ್ನೊಂದು ಬೇಕು.

ಅದಕ್ಕೇ ನಿನ್ನನ್ನು ಕೂರಿಸಿದ್ದು. ಇದನ್ನು ಮೂಲೆಯ ದರ್ಜಿ ಹತ್ತಿರ ತೆಗೆದುಕೊಂಡು ಹೋಗು. ಇದೇ ಅಳತೆ, ಇದೇ ಸೀಳು, ಇದೇ ಬಣ್ಣ. "ಸ್ವಲ್ಪ ಲೂಸ್ ಬಿಡಲಾ" ಅಂತ ಅವನು ಕೇಳೇ ಕೇಳುತ್ತಾನೆ, ಬೇಡ ಅನ್ನು. ಗುಂಡಿಗೆ ಎರಡೆಳೆ ದಾರ ಹಾಕಲು ಹೇಳು. ಹಾಗೇ ನಿನ್ನ ಅಳತೆಯನ್ನೂ ಕೊಟ್ಟು ಬಾ, ಅವನ ಸ್ಟೂಲಿನ ಮೇಲೆ ಕೂತು, ಏನಾದರೂ ಮಾತಾಡುತ್ತ ಕೊಡು. ಈಗಲೇ ಹೊರಡು, ಮಧ್ಯಾಹ್ನವಾದರೆ ಅವನು ಬಾಗಿಲು ಹಾಕಿ ಮಲಗುತ್ತಾನೆ. ಆ ಮೈಮೇಲಿನದನ್ನು ಬಿಚ್ಚಿಟ್ಟು ಹೋಗು ಪುಟ್ಟಿ, ಎದುರಿಗೆ ಬರುವವರಿಗೂ ಮೂಗು ಇರುತ್ತದೆ.