ಒಂದು ರಿಂಗ್ ಆದರೆ ಆರಾಮ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ವಾರದಿಂದ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಅಲ್ಲಿ ವಿಭೂತಿ ಗಟ್ಟಿ ಇದೆ, ಇಂಗಿನ ಡಬ್ಬಿ ಇದೆ, ಕಡ್ಡಿಪೆಟ್ಟಿಗೆ ಇದೆ. ಇವೆಲ್ಲದರ ವಾಸನೆಯನ್ನೂ ಹಿಂದೆ ಹಾಕಿ ಮೂಗಿಗೆ ಬರುವುದು ಅವುಗಳ ನಡುವೆ ಕೂತಿರುವ ಅಂಗೈಯುದ್ದದ ಬಟನ್ ಫೋನಿನ ವಾಸನೆ. ಚಹಾಕ್ಕೆ ನೀರಿಟ್ಟು ಅದರ ಒಂದು ಗುಂಡಿ ಒತ್ತುತ್ತೇನೆ. ಟಿಕ್ ಅನ್ನುತ್ತದೆ. ಇನ್ನೊಂದು ಒತ್ತುತ್ತೇನೆ. ಮತ್ತೆ ಟಿಕ್. ಈ ವಯಸ್ಸಿನಲ್ಲಿ ಇದೇನು ಹುಡುಗಾಟ ಎಂದು ನೀವು ನಗಬಹುದು. ಆದರೆ ನಮ್ಮ ಕಣ್ಣೆದುರೇ ಸತ್ತುಹೋದ ವಸ್ತು, ಅದೇ ಮೈಕಟ್ಟಿನಲ್ಲಿ, ಅದೇ ಸದ್ದು ಮಾಡುತ್ತಾ ಮರಳಿ ಬಂದರೆ ಯಾರಿಗೆ ಬೆರಗಾಗುವುದಿಲ್ಲ?

ತಂದವಳು ಭಾಗ್ಯ. ಮೊಮ್ಮಕ್ಕಳಾದ ನಿಮ್ಮೆಲ್ಲರಲ್ಲಿ ದೊಡ್ಡವಳು, ಸಿಂಧನೂರಿನಲ್ಲಿ ನೌಕರಿಯಲ್ಲಿರುವವಳು. ಶನಿವಾರ ನಮ್ಮ ತುರ್ವಿಹಾಳದಲ್ಲಿ ಬಸ್ಸಿಳಿದು ಬಂದವಳೇ ನನ್ನ ಕೈಯಲ್ಲೊಂದು ಸಣ್ಣ ಪೆಟ್ಟಿಗೆ ಇಟ್ಟಳು.

"ಅಜ್ಜಿ, ಹಳೇ ಮಾಡೆಲ್ ಮತ್ತ ಬಿಟ್ಟಾರ. ತಾತನ ಹತ್ರ ಇತ್ತಲ್ಲ, ಅಂಥದ್ದೇ."

"ಮತ್ತ ಹೆಂಗ ಬಿಟ್ಟಾರ ಬೇ? ಅದು ಮುಗದು ಹೋದ ಕಾಲ ಅಲ್ಲೇನು?"

"ದೊಡ್ಡ ದೊಡ್ಡ ಫೋನ್ ಇದ್ದೋರು ಸೈತ ಇದನ್ನ ಹುಡುಕ್ಯಾಡಿ ತಗೊಳ್ಳಾಕತ್ತಾರ. ಪೆಟಗಿ ಬಿಚ್ಚಿ, ಚಲೋ ಐತೋ ಇಲ್ಲೋ ಅಂತ ಎಲ್ಲಾರಿಗೂ ಹೇಳ್ತಾರ. ನೀನೂ ಹೇಳು, ನಾ ವಿಡಿಯೊ ಮಾಡ್ತೀನಿ."

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಮದುವೆಯ ಫೋಟೋದಲ್ಲೂ ನನ್ನ ಮುಖ ಕಾಣುವುದಿಲ್ಲ, ಸೆರಗಿನ ಅಂಚಷ್ಟೇ ಕಾಣುತ್ತದೆ. ಮಾತು ಬರುವುದಿಲ್ಲ, ಬೇಕಾದರೆ ಬರೆದು ಕೊಡುತ್ತೇನೆ ಎಂದೆ. ಏಳನೆಯ ತರಗತಿಯವರೆಗೆ ಊರ ಶಾಲೆಯಲ್ಲಿ ಕಲಿತ ಅಕ್ಷರ ಇವು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಫೋನು ಹಗುರವಾಗಿದೆ. ಹಳೆಯದು ಇನ್ನೂ ಸ್ವಲ್ಪ ತೂಕವಿತ್ತು, ಕೈಯಲ್ಲಿ ಏನೋ ಇದೆ ಎಂಬ ಧೈರ್ಯ ಕೊಡುತ್ತಿತ್ತು. ಹಿಂದಿನ ಮುಚ್ಚಳ ತೆಳುವಾಗಿದೆ, ಉಗುರಿನಿಂದ ತೆಗೆಯುವಾಗ ಮುರಿದೀತೆಂದು ಹೆದರಿಕೆಯಾಗುತ್ತದೆ. ಇವೆರಡು ದೂರು. ಉಳಿದದ್ದೆಲ್ಲ ಬೆರಗು. ಐದರ ಗುಂಡಿಯ ಮೇಲೆ ಎಳ್ಳಿನಷ್ಟು ಉಬ್ಬಿದೆ, ಕತ್ತಲಲ್ಲೂ ಕೈಗೆ ದಾರಿ ಸಿಗುತ್ತದೆ. ತಲೆಯ ಮೇಲೆ ಬ್ಯಾಟರಿ ದೀಪವಿದೆ. ಸೋಮವಾರ ಚಾರ್ಜಿಗೆ ಹಾಕಿದ್ದು ಶುಕ್ರವಾರವೂ ಎಚ್ಚರವಾಗಿತ್ತು. ಹಾವಿನ ಆಟವೂ ಇದೆ. ಒಂದು ಸಲ ಆಡಿದೆ. ಹಾವು ತನ್ನ ಬಾಲವನ್ನೇ ಕಚ್ಚಿಕೊಂಡು ಸತ್ತಿತು. ಅದಕ್ಕೂ ನನಗೆ ಕೆಟ್ಟೆನಿಸಿ ಮತ್ತೆ ಆಡಲಿಲ್ಲ.

ಆದರೆ ಇವು ಯಾವುವೂ ನನಗೆ ಬೇಕಾಗಿರಲಿಲ್ಲ. ಬೇಕಾಗಿದ್ದುದು ಕೆಂಪು ಗುಂಡಿ ಒಂದೇ, ಒತ್ತಿದ ಕೂಡಲೇ ಕರೆಯನ್ನು ನಿಲ್ಲಿಸುವ ಗುಂಡಿ. ಅದರಿಂದ ಲಿಂಗಸೂಗೂರಿನಲ್ಲಿರುವ ನನ್ನ ತಂಗಿ ಈರಮ್ಮ ಮರಳಿ ಸಿಗುತ್ತಾಳೋ ಇಲ್ಲವೋ ಎಂಬುದೇ ನನ್ನ ಪರೀಕ್ಷೆಯಾಗಿತ್ತು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಇಂಥ ಫೋನನ್ನು ನಿಮ್ಮ ತಾತ ಮನೆಗೆ ತಂದಾಗ ಓಣಿಯ ಜನ ನೋಡಲು ಬಂದಿದ್ದರು. ತಾತ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅಂಗಿಯ ಕಿಸೆಯಲ್ಲಿಟ್ಟು ಹೊಲಕ್ಕೆ ಹೋಗುತ್ತಿದ್ದರು. ಒಂದು ದಿನ ಕಾಲುವೆಯ ನೀರನ್ನು ಗದ್ದೆಗೆ ತಿರುವಲು ಬಗ್ಗಿದಾಗ ಕಿಸೆಯಿಂದ ಜಾರಿ ಕೆಸರಿಗೆ ಬಿತ್ತು. ಎಲ್ಲಿ ಎಂದು ಹುಡುಕುವುದು? ಪಕ್ಕದ ಹೊಲದವರ ಫೋನಿನಿಂದ ರಿಂಗ್ ಕೊಟ್ಟರು. ಭತ್ತದ ಸಸಿಗಳ ನಡುವಿನಿಂದ, ಕಪ್ಪೆಯೊಂದು ಕೆಮ್ಮಿದ ಹಾಗೆ ಸದ್ದು ಬಂತು. ತೆಗೆದು, ತೊಳೆದು, ಬಿಚ್ಚಿ, ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆವು. ಮೂರನೆಯ ದಿನ ದೀಪ ಹತ್ತಿತು.

"ನೋಡಿದೇನು, ಇದೂ ನಮ್ಮಂಗ ಒಕ್ಕಲುತನದ ಜಾತಿನೇ. ಕೆಸರಾಗ ಬಿದ್ರ ಸಾಯಂಗಿಲ್ಲ" ಎಂದು ತಾತ ಮಗುವನ್ನು ಎತ್ತಿದಂತೆ ಅದನ್ನು ಎತ್ತಿ ಹಿಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕಿ ಡಬ್ಬಿಯೇ ದವಾಖಾನೆಯಾಯಿತು. ಗಡಿಯಾರ, ಬ್ಯಾಟರಿ, ರೇಡಿಯೊ, ಏನು ಕೆಟ್ಟರೂ ಮೊದಲು ಅಕ್ಕಿಯೊಳಗೆ. ಈ ಮಾತು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಆಗ ಕರೆ ಮಾಡಿ ಮಾತಾಡಿದರೆ ದುಡ್ಡು ಹೋಗುತ್ತಿತ್ತು, ಬರೀ ರಿಂಗ್ ಕೊಟ್ಟು ನಿಲ್ಲಿಸಿದರೆ ಹೋಗುತ್ತಿರಲಿಲ್ಲ. ಎಲ್ಲರೂ ದುಡ್ಡು ಉಳಿಸಲು ಮಿಸ್ ಕಾಲ್ ಕೊಡುತ್ತಿದ್ದರು. ನಾನು ಕೊಡುತ್ತಿದ್ದುದು ನಾಚಿಕೆಗೆ. ಕಾಣದವರ ಜೊತೆ ಗಟ್ಟಿಯಾಗಿ ಮಾತಾಡುವುದೆಂದರೆ ನನಗೆ ಗಂಟಲು ಒಣಗುತ್ತಿತ್ತು. ಇದನ್ನು ಕಂಡು ಈರಮ್ಮನೇ ಒಂದು ಕಟ್ಟಳೆ ಮಾಡಿದಳು. ಅವಳು ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ಆದರೆ ಬಾಯಿ ನನಗಿಂತ ಹಿರಿಯದು.

"ಅಕ್ಕಾ, ನೀ ಮಾತಾಡಬ್ಯಾಡ, ನಿನ್ನ ಮಾತು ಯಾರಿಗೆ ಬೇಕಾಗೈತಿ? ಬೆಳಿಗ್ಗೆ ಲಿಂಗಪೂಜಿ ಆದ ಮ್ಯಾಲ ಒಂದು ರಿಂಗ್ ಕೊಟ್ಟು ಬಿಡು. ಆರಾಮ ಅದಾಳ ಅಂತ ತಿಳ್ಕೊಂತೀನಿ. ನಾನೂ ಒಂದು ಕೊಡ್ತೀನಿ. ಕಟ್ ಮಾಡದಂಗ ಪೂರಾ ಹೊಡದ್ರ ಮಾತ್ರ, ಎಲ್ಲಾ ಬಿಟ್ಟು ಎದ್ದು ಬರಬೇಕು. ತಿಳೀತೇನು?"

ತಿಳಿಯಿತು. ವರ್ಷಾನುಗಟ್ಟಲೆ ಹಾಗೆಯೇ ನಡೆಯಿತು. ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗ ನಾನು ಹಸಿರು ಗುಂಡಿ ಒತ್ತಿ, ಒಂದು ರಿಂಗ್ ಕೇಳಿ, ಕೆಂಪು ಗುಂಡಿ ಒತ್ತುತ್ತಿದ್ದೆ. ಚಹಾ ಕುದಿಯುವಷ್ಟರಲ್ಲಿ ಆಕೆಯ ಒಂದು ರಿಂಗ್ ತಿರುಗಿ ಬರುತ್ತಿತ್ತು.

ಇದನ್ನು ನೆನೆದಾಗಲೆಲ್ಲ ನನಗೆ ಮಸ್ಕಿಯ ಗುಡ್ಡ ನೆನಪಾಗುತ್ತದೆ. ಶಾಲೆಯಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದರು. ಬಹಳ ಹಿಂದಿನ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಅಲ್ಲಿಯ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಎಲ್ಲೋ ದೂರದಲ್ಲಿದ್ದ ರಾಜ ನಮ್ಮ ನಾಡಿನವರಿಗೆ ಹೇಳಿ ಕಳಿಸಿದ ಮಾತು ಇನ್ನೂ ಕಲ್ಲಿನಲ್ಲಿದೆ ಎಂದು ಮೇಷ್ಟ್ರು ಹೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ಜನಕ್ಕೆ ಅದು ಮುಟ್ಟಿತೆಂದು ಆ ರಾಜನಿಗೆ ಹೇಗೆ ತಿಳಿಯಿತು ಎಂದು ಕೇಳಬೇಕೆನಿಸಿತ್ತು. ನಾಚಿಕೆಯಿಂದ ಕೇಳಲಿಲ್ಲ. ಆ ಮಸ್ಕಿ ಇರುವುದು ನಮ್ಮೂರಿಗೂ ಲಿಂಗಸೂಗೂರಿಗೂ ನಡುವೆ. ನನ್ನ ಒಂದು ರಿಂಗ್ ದಿನಾ ಆ ಬಂಡೆಯ ಮೇಲೆಯೇ ಹಾಯ್ದು ಹೋಗಿ, ಉತ್ತರ ತೆಗೆದುಕೊಂಡು ಅದೇ ದಾರಿಯಲ್ಲಿ ತಿರುಗಿ ಬರುತ್ತಿತ್ತು. ಚಕ್ರವರ್ತಿಗೆ ಸಿಗದಿದ್ದದ್ದು ತುರ್ವಿಹಾಳದ ಒಬ್ಬ ಹೆಂಗಸಿಗೆ ಚಹಾ ಕುದಿಯುವುದರೊಳಗೆ ಸಿಗುತ್ತಿತ್ತು.

ಪೂರಾ ರಿಂಗ್ ನಾನು ಬೇಕೆಂದು ಕೊಟ್ಟದ್ದು ಒಂದೇ ಸಲ. ನಿಮ್ಮ ತಾತ ಹೊಲದ ಬದುವಿನ ಮೇಲೆ ಕೂತವರು ಏಳಲಿಲ್ಲ. ಮನೆಗೆ ತಂದು ಮಲಗಿಸಿದರು. ಜನ ಸೇರಿದರು. ನಾನು ತಾತನ ಕಿಸೆಯಿಂದ ಫೋನ್ ತೆಗೆದು ಹಸಿರು ಗುಂಡಿ ಒತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ. ರಿಂಗ್ ಆಗಿ ಆಗಿ ತಾನೇ ನಿಂತಿತು. ಮಧ್ಯಾಹ್ನದೊಳಗೆ ಈರಮ್ಮ ನನ್ನ ಪಕ್ಕದಲ್ಲಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಆ ಫೋನು ಅವರ ನಂತರವೂ ಬಹಳ ದಿನ ಬಾಳಿತು. ಗುಂಡಿಗಳ ಮೇಲಿನ ಅಂಕಿ ಅಳಿಸಿದವು, ಕಡೆಗೊಂದು ದಿನ ಅಕ್ಕಿ ಡಬ್ಬಿಯೂ ಅದನ್ನು ಉಳಿಸಲಿಲ್ಲ. ನಿಮ್ಮಪ್ಪಂದಿರು ಕೂಡಿ ನನಗೊಂದು ಟಚ್ ಫೋನ್ ತಂದರು. ಅದೂ ಬೆರಗಿನ ವಸ್ತುವೇ, ಇಲ್ಲವೆನ್ನುವುದಿಲ್ಲ. ನಿಮ್ಮ ಮುಖ ತೋರಿಸುತ್ತದೆ. ಆದರೆ ಸಸಿ ಹಚ್ಚಿ, ಬೀಸುಕಲ್ಲು ತಿರುವಿ ಗಟ್ಟಿಯಾದ ನನ್ನ ಹೆಬ್ಬೆರಳನ್ನು ಆ ಗಾಜು ಮನುಷ್ಯರ ಬೆರಳೆಂದು ಒಪ್ಪುವುದೇ ಇಲ್ಲ.

ಹಾಗಾಗಿ ಒಂದು ಬೆಳಿಗ್ಗೆ ಆಗಬಾರದ್ದು ಆಯಿತು. ಎಂದಿನಂತೆ ಈರಮ್ಮನಿಗೆ ರಿಂಗ್ ಕೊಟ್ಟೆ. ನಿಲ್ಲಿಸಲು ಹೋದರೆ ಗಾಜು ಕಪ್ಪಾಗಿ ಬಿಟ್ಟಿತು. ತಿಕ್ಕಿದೆ, ಒರೆಸಿದೆ, ಸೆರಗಿನಿಂದ ಒತ್ತಿದೆ. ಒಳಗೆ ರಿಂಗ್ ಆಗುತ್ತಲೇ ಇತ್ತು. ಪೂರಾ ಆಗಿ ನಿಂತಿತು. ಫೋನು ಕೆಟ್ಟಿತು ಎಂದು ಗಾಬರಿಯಾದ ನಾನು ಮಾಡಿದ್ದೇನು ಗೊತ್ತೆ? ನಮ್ಮ ಮನೆಯ ಪದ್ಧತಿಯಂತೆ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತು, ಮುಚ್ಚಳ ಬಿಗಿದು, ಹಿತ್ತಿಲಿಗೆ ಹೋದೆ.

ಮಧ್ಯಾಹ್ನ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ಓಣಿಯ ತುದಿಯಿಂದ ಯಾರೋ ಅಳುತ್ತ ಬರುವುದು ಕೇಳಿಸಿತು.

"ಅಯ್ಯೋ ನಮ್ಮಕ್ಕಾ, ನನಗೊಂದು ಮಾತು ಹೇಳದಂಗ ಹೋದೆಲ್ಲ ಬೇ..."

ನೋಡಿದರೆ ಈರಮ್ಮ. ಕೈಯಲ್ಲಿ ಸಿಂಧನೂರು ಬಸ್‌ಸ್ಟ್ಯಾಂಡಿನ ಹತ್ತಿರ ಕೊಂಡ ದೊಡ್ಡದೊಂದು ಚೆಂಡುಹೂವಿನ ಹಾರ. ನನ್ನನ್ನು ಕಂಡು ಗಕ್ಕನೆ ನಿಂತಳು. ನನಗೋ ತಲೆಬುಡ ತಿಳಿಯಲಿಲ್ಲ.

"ಯಾರು ಹೋದ್ರು ಬೇ? ಹಾರ ಯಾರಿಗೆ ತಂದಿ?"

"ನಿನಗಽ ತಂದೀನಿ!" ಎಂದು ಆಕೆ ಕಟ್ಟೆಗೆ ಕುಸಿದಳು. "ಪೂರಾ ರಿಂಗ್ ಹೊಡೀತಿ, ತಿರುಗಿ ಮಾಡಿದ್ರ ಎತ್ತಂಗಿಲ್ಲ. ಮಸ್ಕಿ ಬರೂತನಾ ಮಾಡೀನಿ, ಸಿಂಧನೂರು ಬರೂತನಾ ಮಾಡೀನಿ. ಎಲ್ಲಿಟ್ಟಿದ್ದಿ ಆ ಫೋನು?"

"ಅಕ್ಕಿ ಡಬ್ಬ್ಯಾಗ."

"ಅಕ್ಕಿ ಡಬ್ಬ್ಯಾಗ! ಅನ್ನ ಮಾಡಾಕಿದ್ದೇನು ಅದನ್ನ?"

ನನಗೆ ನಗು ತಡೆಯಲಾಗಲಿಲ್ಲ. ಅದೇ ತಪ್ಪಾಯಿತು. ಆಕೆ ನಗಲಿಲ್ಲ. ಬಸ್ಸಿನಿಂದ ಅವಸರದಲ್ಲಿ ಇಳಿಯುವಾಗ ಕಾಲು ಉಳುಕಿ ಊದಿತ್ತು. ಹಾರವನ್ನು ಏನು ಮಾಡುವುದೆಂದು ತಿಳಿಯದೆ ನಿಮ್ಮ ತಾತನ ಫೋಟೋಕ್ಕೆ ಹಾಕಿದಳು. ಸಂಜೆಯ ಬಸ್ಸಿಗೆ ಹೊರಟಾಗ ನನ್ನ ಮುಖ ನೋಡದೆ ಹೇಳಿದಳು: "ನಾಳಿಂದ ರಿಂಗ್ ಕೊಡಬ್ಯಾಡಕ್ಕಾ. ನನ್ನ ಎದಿ ತಡಿಯಂಗಿಲ್ಲ."

ನಾನು ಕೊಡಲಿಲ್ಲ. ಎರಡು ಸುಗ್ಗಿ ಕಳೆದವು. ಮದುವೆ, ಮುಂಜಿಗಳಲ್ಲಿ ಸಿಕ್ಕಾಗ ಒಟ್ಟಿಗೆ ಕೂತು ಉಂಡೆವು, ಒಬ್ಬರ ಎಲೆಗೆ ಒಬ್ಬರು ಹೋಳಿಗೆ ಹಾಕಿದೆವು. ಬೆಳಗಿನ ರಿಂಗಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಟಚ್ ಫೋನಿನಲ್ಲಿ ನಿಮ್ಮ ಗುಂಪಿನಿಂದ ದಿನಾ ಹೂವಿನ ಚಿತ್ರ, ದೀಪದ ಚಿತ್ರ ಬರುತ್ತಿದ್ದವು. ಎಲ್ಲರಿಗೂ ಕಳಿಸಿದ್ದು ನನಗೂ ಬಂದಿದೆ ಎಂದು ನೋಡಿ ಇಡುತ್ತಿದ್ದೆ. ಚಹಾ ಕುದಿದು ಉಕ್ಕುತ್ತಿತ್ತು. ಏನನ್ನೋ ಕೇಳಲು ಕಾದಿದ್ದವಳಂತೆ ಒಲೆಯ ಮುಂದೆ ನಿಂತೇ ಇರುತ್ತಿದ್ದೆ. ಭಾಗ್ಯ ಒಂದು ಸಲ ಇದನ್ನು ನೋಡಿರಬೇಕು.

ಹೊಸ ಫೋನಿಗೆ ನನ್ನ ಹಳೆಯ ಸಿಮ್ಮನ್ನೇ ಅವಳು ಹಾಕಿಕೊಟ್ಟಳು. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಹಸಿರು ಗುಂಡಿ ಒತ್ತಿದೆ. ಒಂದು ರಿಂಗ್. ಹೆಬ್ಬೆರಳು ಕಣ್ಣಿಲ್ಲದೆಯೇ ಕೆಂಪು ಗುಂಡಿಗೆ ಹೋಯಿತು. ಟಿಕ್. ನಿಂತಿತು. ಎಷ್ಟು ಒಳ್ಳೆಯ ವಸ್ತು! ಚಹಾ ಕುದಿಯಿತು, ಸೋಸಿದೆ, ಆರಿತು. ಉತ್ತರ ಬರಲಿಲ್ಲ. ಸೋಮವಾರವೂ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನು ತಿರುಗಿ ಬಂದರೇನಾಯಿತು, ತಂಗಿಯ ಮನಸ್ಸು ತಿರುಗಿ ಬರಬೇಕಲ್ಲ ಎಂದು ಗೂಡಿನಲ್ಲಿಟ್ಟೆ.

ಬುಧವಾರ ನಾನು ಕೊಟ್ಟ ರಿಂಗಿನ ಹಿಂದೆಯೇ ಫೋನ್ ಬಡಿಯಿತು. ಒಂದು ರಿಂಗ್. ಕಣ್ಣು ತುಂಬಿ ಬಂತು. ಆದರೆ ಅದು ನಿಲ್ಲಲಿಲ್ಲ. ಎರಡು. ಮೂರು. ನಾಲ್ಕು. ಪೂರಾ ರಿಂಗ್ ಎಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿ ಯಾರೋ ಹೋಗಿದ್ದಾರೆ. ಅಥವಾ ಅವಳೇ. ಅದು ತಾನಾಗಿ ನಿಂತುಬಿಟ್ಟರೆ ಎಂಬ ಭಯಕ್ಕೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅವಳ ರಿಂಗಿಗೆ ನಾನು ಹಸಿರು ಗುಂಡಿ ಒತ್ತಿ ಕಿವಿಗಿಟ್ಟುಕೊಂಡೆ.

"ಅಕ್ಕಾ, ಗಾಬರಿ ಆಗಬ್ಯಾಡ. ನಾನಽ ಮಾತಾಡಾಕತ್ತೀನಿ. ಆರಾಮ ಅದೀನಿ."

"ಮತ್ಯಾಕ ಬೇ ಇಷ್ಟುದ್ದ ಹೊಡದಿ? ನನ್ನ ಜೀವ ಹೋಗಿತ್ತು."

"ಕಟ್ ಆಗವಲ್ದು! ನನ್ನ ಕೈಯಾಗೂ ಇದಽ ಗಾಜಿನ ಫೋನಲ್ಲೇನು? ನಾಕು ದಿನದಿಂದ ನಿನ್ನ ರಿಂಗ್ ಬರಾಕತ್ತೈತಿ. ತಿರುಗಿ ಕೊಡಾಕ ಕೈ ಹೋಗ್ತೈತಿ, ಹೆದರಿ ಬಿಡ್ತೀನಿ. ಪೂರಾ ಹೋತಂದ್ರ ನೀ ಆ ನೋಯೋ ಮೊಣಕಾಲು ಎಳಕೊಂತ ಹಾರ ಹಿಡ್ಕೊಂಡು ಬಂದುಬಿಡ್ತಿ."

"ಸಿಟ್ಟಾಗೀದಿ ಅಂತ ತಿಳ್ಕೊಂಡಿದ್ದೆ."

"ಸಿಟ್ಟು ಅವತ್ತಽ ಮಸ್ಕಿ ದಾಟೂದ್ರಾಗ ಹೋತು. ಅಂಜಿಕಿ ಹೋಗಿದ್ದಿಲ್ಲ. ಇವತ್ತು, ಆದದ್ದಾಗ್ಲಿ, ಎತ್ತಿದ್ರ ಎತ್ತತಾಳ ಅಂತ ಹೊಡದೆ. ಎತ್ತಿದೆಲ್ಲ, ಪುಣ್ಯಾತಗಿತ್ತಿ!"

ಆಮೇಲೆ ನಾವಿಬ್ಬರೂ ಮಾತಾಡಿದೆವು. ಮೊಣಕಾಲು, ಸೊಸೆಯಂದಿರು, ಪುಂಡಿಪಲ್ಲೆ, ಮತ್ತೆ ಮೊಣಕಾಲು. ನಡುವೆ ಅವಳು ಅಕ್ಕಿ ಡಬ್ಬಿ ನೆನಪಾಗಿ ನಗತೊಡಗಿದಳು. ಎರಡು ಸುಗ್ಗಿ ಹಿಂದೆ ನಗಬೇಕಾದದ್ದನ್ನು ಅಂದು ನಕ್ಕು ಮುಗಿಸಿದಳು. ನನಗೂ ಗಂಟಲು ಒಣಗಲಿಲ್ಲ. ಫೋನು ಕಿವಿಗೆ ಬೆಚ್ಚಗಾಗುವವರೆಗೆ ನಾನು ಹಿಂದೆಂದೂ ಯಾರೊಂದಿಗೂ ಮಾತಾಡಿದವಳಲ್ಲ. ಕಡೆಗೆ ಅವಳೇ ಅಂದಳು, "ಭಾಗ್ಯಾಗ ಹೇಳು, ನನಗೂ ಅಂಥದ್ದೊಂದು ತರಾಕ. ಕೆಂಪು ಗುಂಡಿ ಗಟ್ಟಿ ಇರ್ಲಿ."

ನಿನ್ನೆ ಅವಳಿಗೂ ಒಂದು ಮುಟ್ಟಿದೆ. ಇವತ್ತು ಬೆಳಿಗ್ಗೆ ನನ್ನ ಒಂದು ರಿಂಗ್ ಹೋಯಿತು. ಚಹಾ ಇನ್ನೂ ಕುದಿ ಹಿಡಿದಿರಲಿಲ್ಲ, ಅಲ್ಲಿಂದ ಒಂದು ಬಂತು. ಒಂದೇ. ನಿಂತಿತು. ಲೋಟ ಹಿಡಿದುಕೊಂಡು ಕಟ್ಟೆಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಭಾಗ್ಯ ಕೇಳಿದ ಪ್ರಶ್ನೆಗೆ ಉತ್ತರ ಇದೇ: ಫೋನು ಚಲೋ ಇದೆ.

ಇನ್ನೊಂದು ಮಾತು, ಮಕ್ಕಳೇ. ಇದನ್ನು ಮುಖ ನೋಡಿ ಹೇಳಲು ನನಗೆ ಆಗುವುದಿಲ್ಲ, ಅದಕ್ಕೆ ಬರೆದಿಡುತ್ತಿದ್ದೇನೆ. ಮುಂದೊಂದು ದಿನ ನಾನು ಬೆಳಗಿನ ರಿಂಗ್ ಕೊಡಲಾರದೆ ಹೋಗುತ್ತೇನೆ. ಅವತ್ತು ಗುಂಪಿಗೆ ನನ್ನ ಚಿತ್ರ ಕಳಿಸುವ ಮೊದಲು, ಗೂಡಿನಲ್ಲಿರುವ ಈ ಸಣ್ಣ ಫೋನು ತೆಗೆದು ಈರಮ್ಮನಿಗೆ ರಿಂಗ್ ಹಚ್ಚಿರಿ. ಏನೂ ಹೇಳಬೇಡಿ. ಕೆಂಪು ಗುಂಡಿ ಮುಟ್ಟಬೇಡಿ. ಅದು ತಾನೇ ನಿಲ್ಲುವವರೆಗೆ ಬಿಡಿ. ಅವಳು ಹಾರ ಹಿಡಿದುಕೊಂಡು ಬರುತ್ತಾಳೆ. ಬಸ್ಸಿನಿಂದ ಇಳಿಯುವಾಗ ನಿಮ್ಮಲ್ಲಿ ಯಾರಾದರೂ ಹೋಗಿ ಅವಳ ಕೈ ಹಿಡಿದುಕೊಳ್ಳಿ.