ಗಾಲಿಗೆ ತೊಡಿಸಿದ ಕುಲಾವಿ

ಬೆಂದ ಜಾಲಿ ಮರದ ಮೇಲೆ ನೀರು ಬಿದ್ದಾಗ ಏಳುವ ಹೊಗೆಗೆ ಅದರದೇ ಒಂದು ವಾಸನೆಯಿದೆ. ಸ್ವಲ್ಪ ಕಹಿ, ಸ್ವಲ್ಪ ಸೀದ ಬೆಲ್ಲದ ಹಾಗೆ, ಒಳಗೆಲ್ಲೋ ಕಾದ ಕಬ್ಬಿಣದ ಘಾಟು. ಮೊನ್ನೆ ನಾಗಮಂಗಲದ ಪೇಟೆಯಲ್ಲಿ ಒಂದು ಜೊತೆ ಎತ್ತಿನ ವ್ಯಾಪಾರ ಕುದುರಿಸುತ್ತಿದ್ದೆ. ವಸ್ತ್ರದ ಮರೆಯಲ್ಲಿ ನನ್ನ ಬೆರಳುಗಳು ಎದುರಿನವನ ಮುಷ್ಟಿಯಲ್ಲಿದ್ದವು. ನಮ್ಮಲ್ಲಿ ಎತ್ತಿನ ಬೆಲೆಯನ್ನು ಬಾಯಿ ಹೇಳುವುದಿಲ್ಲ, ಬೆರಳು ಹೇಳುತ್ತದೆ. ಅಷ್ಟರಲ್ಲಿ ಪಕ್ಕದ ಕುಲುಮೆಯಿಂದ ಆ ವಾಸನೆ ಬಂತು, ಯಾವ ಬೆರಳು ಮಡಿಸಬೇಕೆಂಬುದೇ ನನಗೆ ಮರೆತುಹೋಯಿತು. "ಯಾಕ್ ಆಚಾರ್ರೆ, ಕೈ ಬುಟ್ಬುಟ್ರಿ?" ಎಂದು ಅವನು ಕೇಳಿದ. ನನ್ನ ಕೈ ಅಲ್ಲಿತ್ತು, ನಾನು ಚಿನಕುರಳಿಯ ನಮ್ಮ ಅಂಗಳದಲ್ಲಿದ್ದೆ.

ಆ ಅಂಗಳವನ್ನು ನೀವು ನೋಡಬೇಕಿತ್ತು. ಒಂದು ಬದಿಗೆ ದೊಡ್ಡಪ್ಪನ ಬಡಗಿ ಕೊಟ್ಟಿಗೆ, ಯಾವಾಗಲೂ ಹಸಿ ಮರದ ಹೊಟ್ಟಿನ ಘಮ. ಇನ್ನೊಂದು ಬದಿಗೆ ಅಪ್ಪನ ಕುಲುಮೆ, ತಿದಿಯ ಉಸಿರು. ನಡುವೆ ಒಂದು ಕಲ್ಲುಕಂಬ. ಜಗಲಿಯ ಮೇಲೆ ಮೊರ ಹಿಡಿದು ಕೂತ ಅಜ್ಜಿ. ಎರಡು ಕಸುಬು, ಒಂದೇ ಒಲೆ. ಸುಲ್ತಾನರ ಕಾಲ ಅದು. ಪಟ್ಟಣದ ಕೋಟೆಯ ಫಿರಂಗಿ ಬಂಡಿಗಳಿಗೆ ಗಾಲಿ ಹೋಗುತ್ತಿದ್ದುದು ನಮ್ಮ ಮನೆಯಿಂದ. ಗಾಲಿ ದೊಡ್ಡಪ್ಪನದು, ಅದರ ಸುತ್ತ ಕೂರುವ ಕಬ್ಬಿಣದ ಹಳಿ ಅಪ್ಪನದು. ದೊಡ್ಡಪ್ಪ ದಾರದಲ್ಲಿ ಹಿಡಿದು ಕೊಟ್ಟ ಗಾಲಿಯ ಸುತ್ತಳತೆಗಿಂತ ಹಳಿಯನ್ನು ಅಪ್ಪ ಒಂದು ಬೆರಳು ಕಡಿಮೆ ಮಾಡಬೇಕು. ಬೆಂಕಿಯಲ್ಲಿ ಕಾದು ಅದು ಹಿಗ್ಗುತ್ತದೆ, ಇಕ್ಕಳ ಹಿಡಿದು ನಾಲ್ಕು ಕಡೆಯಿಂದ ಎತ್ತಿ ಗಾಲಿಗೆ ತೊಡಿಸುತ್ತಾರೆ, ನೀರು ಸುರಿದರೆ ಕುಗ್ಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಎತ್ತುವಾಗ ಒಬ್ಬ ಮುಂದಾಗಿ ಒಬ್ಬ ಹಿಂದಾದರೆ ಹಳಿ ವಾಲುತ್ತದೆ, ಕೈ ಸುಡುತ್ತದೆ, ಗಾಲಿ ಕೆಡುತ್ತದೆ.

ಇಂಥ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರು. ಕಾರಣ ಒಂದು ದಿಮ್ಮಿ. ಗಾಲಿಯ ನಡುವೆ ಅಚ್ಚು ಕೂರುವ ಗುಂಬಕ್ಕೆಂದು ದೊಡ್ಡಪ್ಪ ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಿದ್ದ ಜಾಲಿ ದಿಮ್ಮಿಯನ್ನು, ಇದ್ದಿಲು ಮುಗಿದ ಅವಸರದಲ್ಲಿ ಅಪ್ಪ ಸೀಳಿ ಸುಟ್ಟುಬಿಟ್ಟಿದ್ದ. ಆಮೇಲೆ ಇಬ್ಬರೂ ಮಾತಾಡುತ್ತಿದ್ದುದು ಕಲ್ಲುಕಂಬದ ಜೊತೆ. "ಲೇ ಕಂಬ, ಅಳತೆ ದಾರ ನೇತಾಕಿವ್ನಿ, ಬೇಕಾದೋರು ತಗೊಳ್ಲಿ ಅನ್ಲಾ," ಎಂದು ದೊಡ್ಡಪ್ಪ. "ತಗೊಂಡಾಯ್ತು ಅನ್ನಪ್ಪ ಕಂಬಣ್ಣ," ಎಂದು ಅಪ್ಪ. ಈಗ ಬರೆಯುವಾಗ ನನಗೆ ನಗು ಬರುತ್ತದೆ. ಆಗ ಯಾರೂ ನಗುತ್ತಿರಲಿಲ್ಲ. ಅಮ್ಮನೂ ದೊಡ್ಡಮ್ಮನೂ ಒಂದೇ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಕೈಗೆ ತೆಗೆದುಕೊಂಡ ಗಾಲಿಗಳು ಮುಗಿದ ಮಾರನೆಯ ದಿನವೇ ಅಂಗಳದ ನಡುವೆ ಗೋಡೆ ಏಳುವುದೆಂದು ತೀರ್ಮಾನವಾಯಿತು. ಮಣ್ಣು ಕಲಸಿ, ಹುಲ್ಲು ತುಳಿದು, ಗುಡ್ಡೆ ಹಾಕಿಯೂ ಆಯಿತು. ಅಜ್ಜಿ ಆ ಗುಡ್ಡೆಯ ಕಡೆ ನೋಡದೆ ರಾಗಿ ಕೇರುತ್ತಿದ್ದಳು. ಮೊರದ ಸದ್ದು ಮಾತ್ರ ಮುಂಚಿಗಿಂತ ಜೋರಾಗಿತ್ತು.

ಕೊನೆಯ ಗಾಲಿಯ ದಿನ. ಕೆಂಪಗೆ ಕಾದ ಹಳಿಯನ್ನು ಎತ್ತಿದರು. ಅತ್ತ ಇತ್ತ ವಾಲುತ್ತ ಹೇಗೋ ಗಾಲಿಯ ಮೇಲೆ ಇಳಿಸಿದರು. ಅದು ಕೆಳಗಿಳಿಯಲೇ ಇಲ್ಲ. ಗಾಲಿಯ ನೆತ್ತಿಯ ಮೇಲೆ ಪುಟ್ಟದಾಗಿ ಕೂತುಬಿಟ್ಟಿತು. ಮರದಿಂದ ಹೊಗೆ ಏಳತೊಡಗಿತು. ನೀರು ಸುರಿದರೆ ಹಳಿ ಇನ್ನೂ ಕುಗ್ಗುತ್ತದೆ, ಸುರಿಯದಿದ್ದರೆ ಗಾಲಿ ಉರಿಯುತ್ತದೆ. ಕೊಡ ಹಿಡಿದ ಹೆಂಗಸರು ಹಾಗೆಯೇ ನಿಂತರು. "ಅಳ್ತೆ ಬರ್ದೇ ಇರೋರ್ಗೆ ಕುಲುಮೆ ಯಾಕಂತೆ ಕೇಳ್ಲಾ ಕಂಬ," ಎಂದ ದೊಡ್ಡಪ್ಪ. ಅಪ್ಪ ಸುತ್ತಿಗೆ ಹಿಡಿದುಕೊಂಡೇ ಅವನ ಕಡೆ ತಿರುಗಿದ. ನಾನು ಅಮ್ಮನ ಸೆರಗು ಹಿಡಿದೆ.

ಆಗ ಜಗಲಿಯಿಂದ ಅಜ್ಜಿಯ ಗಂಟಲು ಕೇಳಿಸಿತು. "ಅಯ್ಯೋ ನೋಡ್ರಲಾ, ಮೀಸೆ ಬಂದ ಗಂಡ್ಸಿನ್ ತಲೆಗೆ ಕೂಸಿನ್ ಕುಲಾವಿ ಮಡಗವ್ರೆ! ಗಲ್ಲದ್ ಕೆಳ್ಗೆ ಒಂದ್ ಲಾಡಿ ಕಟ್ಬುಡ್ರಿ, ಬೀಳಾಕಿಲ್ಲ!"

ಮೊದಲು ದೊಡ್ಡಮ್ಮನ ಮೂಗಿನಿಂದ ಒಂದು ಸದ್ದು ಬಂತು; ಅವಳ ಕೊಡದ ನೀರು ತುಳುಕಿ ಅಮ್ಮನ ಕಾಲ ಮೇಲೆ ಬಿತ್ತು. ಅಮ್ಮ ಕಿಸಕ್ಕೆಂದಳು. ಇಕ್ಕಳ ಹಿಡಿದವರ ಹೆಗಲು ಕುಣಿಯಿತು. ದೊಡ್ಡಪ್ಪ ತಡೆದುಕೊಂಡ, ತಡೆದುಕೊಂಡ, ಆಮೇಲೆ ಹೊಟ್ಟೆ ಹಿಡಿದುಕೊಂಡ. ನಗುವಿನ ನಡುವೆಯೇ, ಕಂಬವನ್ನು ಮರೆತು, ನೇರ ಅಪ್ಪನನ್ನೇ ಕೇಳಿದ: "ನಾನೇ ದಾರಾನ ಒಂದ್ ಬೆಳ್ಳು ಕಮ್ಮಿ ಮಾಡಿ ಕಟ್ಟಿದ್ದೆ. ನೀನೂ ಕಮ್ಮಿ ಮಾಡ್ದೇನ್ಲಾ?" ಅಪ್ಪ ಕಣ್ಣೊರೆಸಿಕೊಂಡು ಹೇಳಿದ, "ಯಾವತ್ತೂ ಮಾಡೋನು ನಾನೇ ಅಲ್ವೇನಣ್ಣ?" "ಕ್ವಾಪದಾಗೆ ನೀನು ಮರ್ತ್ಬುಡ್ತೀಯ ಅಂದ್ಕೊಂಡೆ ಕಣ್ಲಾ." ತಮ್ಮನ ಮೇಲೆ ಅಷ್ಟು ಸಿಟ್ಟಿದ್ದಾಗಲೂ ಅವನ ಕೆಲಸ ಕೆಡದಿರಲಿ ಎಂದು ದಾರ ಗಿಡ್ಡ ಮಾಡಿದ್ದ ದೊಡ್ಡಪ್ಪ! ನಗು ಮತ್ತೆ ಉಕ್ಕಿತು. "ನಕ್ಕಿದ್ ಸಾಕು, ಎತ್ರಲಾ, ಮರ ಉರೀತದೆ!" ಎಂದಳು ಅಜ್ಜಿ. ಆ ನಗುವಿನ ಉಸಿರಿನಲ್ಲೇ ಎಲ್ಲ ಇಕ್ಕಳಗಳೂ ಒಟ್ಟಿಗೆ ಎದ್ದವು. ಗಾಲಿಯಿಂದ ಮೇಲೆದ್ದ ಹಳಿ ಒಂದು ಕೂದಲೆಳೆಯಷ್ಟೂ ವಾಲಲಿಲ್ಲ. ಹೆಂಗಸರು ಸುರಿದ ನೀರಿಗೆ ಬೆಂದ ಮರ ಚುರ್ ಎಂದಿತು, ಅಂಗಳದ ತುಂಬ ಆ ವಾಸನೆ.

ಹಳಿಯನ್ನು ಕತ್ತರಿಸಿ, ತುಂಡು ಸೇರಿಸಿ ಬೆಸೆದು, ಬೆಳಕಿರುವಾಗಲೇ ತೊಡಿಸಿ ಮುಗಿಸಿದರು. ಕೈಕಾಲು ತೊಳೆಯುತ್ತ ಅಪ್ಪ ಕೇಳಿದ, "ಆ ಮಣ್ಣೇನ್ ಮಾಡಾನಣ್ಣ?" ದೊಡ್ಡಪ್ಪ ಗುಡ್ಡೆಯನ್ನು ಕಾಲಿನಿಂದ ಒತ್ತಿ ನೋಡಿದ. "ನಿನ್ ಕುಲುಮೆ ಒಲೆ ಚಿಕ್ದು. ದೊಡ್ದಾಗ್ ಕಟ್ಕೊ. ನನ್ ದಿಮ್ಮಿ ಮಾತ್ರ ಮುಟ್ಬೇಡ ಕಣ್ಲಾ."

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿಯಾಯಿತು. ಹಳಿ ಕೆಂಪಾದ ಕೂಡಲೇ ಅಜ್ಜಿ ಕೂಗಬೇಕು, "ಕುಲಾವಿ ತಂದ್ರೇನ್ರಲಾ?" ಎಲ್ಲರೂ ನಗಬೇಕು, ಆ ಉಸಿರಿನಲ್ಲೇ ಎತ್ತಬೇಕು. ಅಜ್ಜಿ ತೀರಿಕೊಂಡ ಮೇಲಿನ ಮೊದಲ ಹಳಿಗೆ ಯಾರ ಕೈಯೂ ಏಳಲಿಲ್ಲ. ಹಳಿ ಬೆಂಕಿಯಲ್ಲಿ ಕಾಯುತ್ತಲೇ ಇತ್ತು. ಕೊನೆಗೆ ಅಪ್ಪ, ನಮ್ಮ ಮನೆಯಲ್ಲೇ ಕಡಿಮೆ ಮಾತಿನವನು, ಅಜ್ಜಿಯ ಸಣ್ಣ ಗಂಟಲಿನಲ್ಲಿ ಅದನ್ನೇ ಕೂಗಿದ. ನಕ್ಕರು, ಅತ್ತರು, ಎತ್ತಿದರು.

ಪಟ್ಟಣದ ಕೋಟೆ ಬಿದ್ದ ಮೇಲೆ ಫಿರಂಗಿ ಬಂಡಿ ಯಾರಿಗೆ ಬೇಕು? ದೊಡ್ಡಪ್ಪನವರು ಹೇಮಗಿರಿಯ ಕಡೆ ಹೋದರು, ನಾವು ನಾಗಮಂಗಲಕ್ಕೆ ಬಂದೆವು. ನಾನು ಒಂದು ಬಡಕಲು ಎತ್ತಿನ ಹಗ್ಗ ಹಿಡಿದು ಶುರುಮಾಡಿ ಈ ಸ್ಥಿತಿಗೆ ಬಂದವನು. ವ್ಯಾಪಾರಕ್ಕೆ ಇಳಿಯುವವರು ಕೇಳಿದರೆ ಒಂದೇ ಮಾತು ಹೇಳುತ್ತೇನೆ: ವಸ್ತ್ರದ ಕೆಳಗೆ ಕೈ ಹಾಕುವ ಮುಂಚೆ ಎದುರಿನವನ ಜೊತೆ ಒಮ್ಮೆ ನಗಿ. ಅವನನ್ನು ನೋಡಿ ನಗುವುದಲ್ಲ, ಅವನ ಜೊತೆ ನಗುವುದು. ಬಿಗಿ ಹಿಡಿದ ಮುಷ್ಟಿ ತಾನಾಗಿ ಸಡಿಲುತ್ತದೆ. ಇದು ನನ್ನ ಜಾಣತನವಲ್ಲ, ಮೊರ ಹಿಡಿದ ಮುದುಕಿಯದು.

ಆ ವಾಸನೆ ಬಿಡಲಿಲ್ಲ. ಮೊನ್ನೆಯ ಆ ಜೊತೆ ಎತ್ತನ್ನು ಕೊಂಡು, ಹೊಡೆದುಕೊಂಡು, ಚಿನಕುರಳಿಯ ದಾರಿ ಹಿಡಿದೆ. ಮನೆಯ ಗೋಡೆಗಳು ಮಳೆಗೆ ಕರಗಿ ನೆಲವಾಗಿವೆ; ಯಾರೋ ರಾಗಿ ಬಿತ್ತಿದ್ದಾರೆ. ಕಂಬವನ್ನೂ ಹೊತ್ತೊಯ್ದಿದ್ದಾರೆ. ಪೈರಿನ ನಡುವೆ ಒಂದೇ ಒಂದು ಉಳಿದಿದೆ, ಅಪ್ಪನ ಆ ದೊಡ್ಡ ಒಲೆ. ಮನೆ ಒಡೆಯಲೆಂದು ಕಲಸಿದ ಮಣ್ಣು ಅದು. ವರ್ಷಗಟ್ಟಲೆ ಬೆಂದು ಇಟ್ಟಿಗೆಯಂತೆ ಕೆಂಪಾಗಿ ನಿಂತಿದೆ. ಅದರ ಮೇಲೆ ಕೂತು, ಸುತ್ತ ಯಾರೂ ಇಲ್ಲದ್ದನ್ನು ನೋಡಿ, "ಕುಲಾವಿ ತಂದ್ರೇನ್ರಲಾ?" ಎಂದೆ. ಎತ್ತುಗಳು ಕಿವಿ ತಿರುಗಿಸಿದವು. ನಾನೊಬ್ಬನೇ ನಕ್ಕೆ, ಉಳಿದವರು ಸೇರಿಕೊಳ್ಳಲೆಂದು ತುಸು ಹೊತ್ತು ಕಾದೆ.