ಬುಟ್ಟಿಯ ಮೇಲಿನ ಎರಡನೇ ಕಲ್ಲು

ಇವತ್ತು ಬೆಳಿಗ್ಗೆ ಅಮ್ಮ ಹೊಸ ಕೋಳಿಮರಿಗಳ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಎರಡು ಕಲ್ಲು ಹೇರಿದಳು.

ನಾನು ಚಿಕ್ಕವನಿದ್ದಾಗ ಒಂದೇ ಕಲ್ಲು ಇಡುತ್ತಿದ್ದಳು. ಆಗ ನಮ್ಮ ಕೆಂಪು ಹೇಂಟೆ ಕಾವು ಕೂತು ಒಂಬತ್ತು ಮರಿ ಮಾಡಿತ್ತು. ಅಮ್ಮ ಎಸ್ಟೇಟಿಗೆ ಕಾಫಿ ಕೊಯ್ಯಲು ಹೋದ ಮೇಲೆ, ಒಂದು ಮರಿಯನ್ನು ಅಂಗೈಯಲ್ಲಿ ಹಿಡಿಯುವ ಆಸೆಗೆ ನಾನು ಕಲ್ಲು ತೆಗೆದೆ. ಹಿಡಿದೆ, ಒಳಗೆ ಬಿಟ್ಟೆ, ಕಲ್ಲು ವಾಪಸ್ ಇಡದೆ ಆಡಲು ಓಡಿದೆ. ಸಂಜೆಯೊಳಗೆ ಮುಂಗುಸಿ ಒಂದು ಮರಿಯನ್ನೂ ಉಳಿಸಿರಲಿಲ್ಲ. ಹೇಂಟೆ ಎಸ್ಟೇಟಿನ ಕೂಲಿಗಳ ಲೈನ್ ಮನೆಗಳ ಸುತ್ತ ಕರೆಯುತ್ತಾ ಅಲೆಯುತ್ತಿತ್ತು.

"ಕಲ್ಲು ಇಟ್ಟಿದ್ನಲ್ಲೋ ಮಗ?" ಅಂದಳು ಅಮ್ಮ.

"ನಂಗೊತ್ತಿಲ್ಲಮ್ಮ."

"ಹಂಗಾದ್ರೆ ನಾನೇ ಮರ್ತಿದ್ದೀನಿ. ಪಾಪ, ಕೈಯಾರೆ ಕೊಂದ್ಬಿಟ್ಟೆ."

ಅವತ್ತು ಅಮ್ಮ ಉಣ್ಣಲಿಲ್ಲ.

ಮುಂದೆ ಓದು ಅರ್ಧಕ್ಕೇ ನಿಲ್ಲಿಸಿದಾಗ, ಅದನ್ನೂ ಅವಳ ಮುಖ ನೋಡಿಯೇ ಹೇಳಿದವನು ನಾನು. ಕಲ್ಲು ತೆಗೆದದ್ದನ್ನು ಮಾತ್ರ ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ, ಅಮ್ಮನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಲ್ಲಿ.